ತ್ರಿಗ್ವಿ ನಕ್ಕ ನುಡಿ

ಬೆಳಗಿನಿಂದ ದೆಮ್ಮುಸನ ಎದೆ ಕುಣಿಯುತ್ತಿತ್ತು. ಹಾಗೆ ಕುಣಿಯಬಾರದು ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದಷ್ಟೂ ಅದು ಹೆಚ್ಚು ಕುಣಿಯಿತು. ಮನೆಯ ಹಿಂದಿನ ಒಣಗುಕೊಟ್ಟಿಗೆಯಲ್ಲಿ, ಹಲಗೆಗಳ ಸಂದಿನಿಂದ ಕಡಲಗಾಳಿ ಸಿಳ್ಳೆ ಹಾಕುತ್ತ ಒಳಬರುವಲ್ಲಿ, ಗಾಳಿಗೆ ಒಣಗಲೆಂದು ತೂಗುಬಿಟ್ಟ ಕುರಿತೊಡೆಯಿಂದ ಮಾಂಸ ಕೊಯ್ಯುತ್ತ ನಿಂತವನಿಗೆ, ತನ್ನ ಪಾದಗಳು ತಾವಾಗಿಯೇ ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ಒಂದು ಹೆಜ್ಜೆ ಇಡುತ್ತಿರುವುದು ಅರಿವಾಗಿ ನಾಚಿಕೆಯಾಯಿತು. ನಿನ್ನೆ ಪಾದ್ರಿಗಳು ಬಾರದ ಭಾನುವಾರ. ಅವನೇ ಇಗರ್ಜಿಯಲ್ಲಿ ನಿಂತು ಪ್ರವಚನ ಓದಿದ್ದ. ಯಾರೋ ಬರೆದ ಮಾತನ್ನು ತನ್ನ ದನಿಯಲ್ಲಿ ಓದುವುದು, ಯಾರೋ ಕಟ್ಟಿದ ಹಾಡನ್ನು ತನ್ನ ದನಿಯಲ್ಲಿ ಎತ್ತಿಕೊಡುವುದು, ಕಡಲಿನ ದುಡಿಮೆ ಮುಗಿದ ಮೇಲೆ ದೇವರು ತನಗೆ ಒಪ್ಪಿಸಿರುವುದು ಇವೆರಡನ್ನೇ ಎಂದು ಅವನು ನಂಬಿಕೊಂಡಿದ್ದ. ನಿನ್ನೆ ಆ ದನಿ ಹೊಂಡದ ನೀರಿನ ಹಾಗೆ ತಣ್ಣಗಿತ್ತು. ಇವತ್ತು ಗಂಟಲಿನಲ್ಲಿ ಕಟ್ಟಿಹಾಕಿದ ಕುದುರೆಯ ಹಾಗೆ ನೆಲ ಕೆರೆಯುತ್ತಿದೆ. ಉಪವಾಸದ ದಿನಗಳು ಹಿಡಿಯುವ ಮುಂಚಿನ ಕೊನೆಯ ಕುಣಿತ ಇವತ್ತು ಸಂಜೆ; ಅದಕ್ಕೆ, ಜೈಲಿನಿಂದ ಊರಿಗೆ ಮರಳಿದ ತ್ರಿಗ್ವಿ ಬರುತ್ತಾನೆ. ತ್ರಿಗ್ವಿಯ ಹಾಡಿಗೆ ತ್ರಿಗ್ವಿಯೇ ಬರುತ್ತಾನೆ. ಕುಣಿತಕ್ಕೆ ಹಾಡು ಎತ್ತಿಕೊಡುವ ಯಾವ ಮುಂದಾಳಿಗೆ ಸಿಕ್ಕಿತ್ತು ಇಂಥ ಸಂಜೆ ಎಂದು ಮನಸ್ಸು ಹಿಗ್ಗಿತು. ಆ ಮನಸ್ಸಿನ ಬಾಯಿಗೆ ಒಂದು ಕೊಡಬೇಕು ಎನ್ನಿಸಿತು.

"ಮಾಂಸಾನ ಹಾಡಿ ಹಾಡಿ ಮೆತ್ತಗೆ ಮಾಡ್ತಿದೀಯಾ ಹೇಗೆ?" ಹೆಂಡತಿ ಸುನ್ವಾ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದಳು.

"ಹಾಡ್ತಿಲ್ಲ ನಾನು."

"ತುಟಿ ಅಲ್ಲಾಡ್ತಿದೆ. ಮುಚ್ಕೋ ಮಾರಾಯ, ಇವತ್ತು ಟಿವಿಯವರು ಬಂದಿಲ್ಲ."

ಟಿವಿ ಎಂದೊಡನೆ ಅವನ ಕಿವಿ ಬಿಸಿಯಾಯಿತು. ಕೋಪನ್‌ಹೇಗನ್ನಿನಿಂದ ಬಂದಿದ್ದ ಅವರು, ತ್ರಿಗ್ವಿ ಕೊಲೆಗಾರನಲ್ಲ ಎಂದು ತೋರಿಸುವ ಕಾರ್ಯಕ್ರಮಕ್ಕಾಗಿ, ದೆಮ್ಮುಸನ ಅಡುಗೆಮನೆಯಲ್ಲೇ ಕೂತು ಕಾಫಿ ಕುಡಿದು, ಸುನ್ವಾಳ ರೂಬಾರ್ಬ್ ಜಾಮನ್ನು ಹೊಗಳಿ, ಹೈನಿ ಎಂಬ ಹುಡುಗ ಬಂಡೆಯಿಂದ ಬಿದ್ದು ಸತ್ತ ದಿನ ತ್ರಿಗ್ವಿ ನಗುತ್ತ ಗುಡ್ಡ ಇಳಿದದ್ದು ಹೌದೇ ಎಂದು ಕೇಳಿದ್ದರು. 'ನಗುತ್ತ ಬಂದ ಅಂತ ಹಾಡು ಹೇಳುತ್ತೆ. ನಾನು ಆ ಬೇಸಿಗೆ ಊರಲ್ಲೇ ಇರಲಿಲ್ಲ, ಐಸ್‌ಲ್ಯಾಂಡಿನ ಆಚೆ ಮೀನಿನ ಟ್ರಾಲರಿನಲ್ಲಿದ್ದೆ' ಎಂದು ದೆಮ್ಮುಸ್ ಅಳೆದು ತೂಗಿ ಹೇಳಿದ್ದ. ಪರದೆಯ ಮೇಲೆ ಉಳಿದದ್ದು 'ನಗುತ್ತ ಬಂದ' ಎಂಬಷ್ಟೇ. ಅದರ ಜೊತೆಗೆ ಅವನ ತೆರೆದ ಬಾಯಿ, ಬಾಯೊಳಗಿನ ಕಟ್ಟಿಸಿದ ಹಲ್ಲು, ಹಿಂದೆ ಯಾರೋ ಬಾರಿಸಿದ ನಗಾರಿ. ವಾದ್ಯವನ್ನೇ ಕಾಣದ ಕುಣಿತಕ್ಕೆ ನಗಾರಿ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ತ್ರಿಗ್ವಿ ಮಾತ್ರ ದಂಡೆಯ ಮೇಲೆ ನಿಧಾನವಾಗಿ, ಪಿಟೀಲಿನ ದನಿಯೊಳಗೆ, ನಡೆಯುತ್ತಲೇ ಇದ್ದ. ಸತ್ತ ಹುಡುಗ ಹೈನಿಯ ತಾಯಿ ಮಾಲನ್ ಬಾಗಿಲನ್ನು ದಢಾರನೆ ಮುಚ್ಚಿದಂತೆ ಕಂಡಿತು. ಅದನ್ನು ಮುಚ್ಚಿದ್ದು ವಾಯವ್ಯದ ಗಾಳಿ ಎಂದು ಊರಿಗೆಲ್ಲ ಗೊತ್ತಿತ್ತು, ಪರದೆಗೆ ಗೊತ್ತಿರಲಿಲ್ಲ. ಮರುದಿನ ಅಂಗಡಿಯಲ್ಲಿ ಮಾರ್ತಾನ್ ಟೊಪ್ಪಿ ತೆಗೆದು ಬಾಗಿ, "ದಾರಿ ಬಿಡ್ರಪ್ಪಾ, ಖಳನಾಯಕ್ರು ಬಂದ್ರು" ಎಂದಿದ್ದ. ಎಲ್ಲರೂ ನಕ್ಕಿದ್ದರು. ದೆಮ್ಮುಸನೂ ನಕ್ಕಿದ್ದ, ನಗುವಾಗ ಹಲ್ಲು ಕಾಣದಂತೆ ತುಟಿ ಬಿಗಿಹಿಡಿದದ್ದು ಅವನಿಗೊಬ್ಬನಿಗೇ ಗೊತ್ತು. ಅಲ್ಲಿ ಒಂದು ಮಾತನ್ನು ಕತ್ತರಿಸಿದರು, ಸರಿ. ಇಲ್ಲಿ ಹಾಡಿನಲ್ಲಿ 'ನಗುತ್ತ' ಎಂಬ ಒಂದು ಮಾತನ್ನು ಸೇರಿಸಿದ್ದರಲ್ಲ? ಕತ್ತರಿಸಿದವರನ್ನು ಬೈದ ಬಾಯಿಯೇ ಸೇರಿಸಿದ್ದನ್ನು ವರ್ಷ ವರ್ಷ ಎತ್ತಿಕೊಡುತ್ತಿತ್ತು.

ಹಾಡು ಕಟ್ಟಿದವನು ಚಿಕ್ಕಪ್ಪ ಡಾನ್ಯಲ್. ಊರಿನಲ್ಲಿ ಯಾರಾದರೂ ಜಿಪುಣತನ ಮಾಡಲಿ, ದೋಣಿ ಮುಳುಗಿಸಲಿ, ಪಕ್ಕದವನ ಕುರಿ ತನ್ನದೆಂದು ಅದರ ಉಣ್ಣೆ ಕತ್ತರಿಸಲಿ, ಅವನ ಮೇಲೊಂದು ಹಾಡು ಏಳುತ್ತಿತ್ತು. ಹಾಡಿಗೆ ಸಿಕ್ಕವನನ್ನು ಇಬ್ಬರು ಗಟ್ಟಿ ಆಳುಗಳು ಎಡಗೈ ಬಲಗೈ ಹಿಡಿದು, ಎಲ್ಲರೂ ಕೈ ಕೋದು ಕುಣಿಯುವ ಸರಪಳಿಗೆ ತರಬೇಕು. ಕೊನೆಯ ನುಡಿಯ ತನಕ ಅವನು ತನ್ನ ಹಾಡಿಗೆ ತಾನೇ ಹೆಜ್ಜೆ ಹಾಕಬೇಕು. ಎದುರಿಗಿಟ್ಟುಕೊಂಡು ಹಾಡಿದ್ದು ಮಾತ್ರ ಊರಿನ ಹಾಡು, ಬೆನ್ನ ಹಿಂದೆ ಹಾಡಿದ್ದು ಚಾಡಿ ಎಂದು ಹಿರಿಯರು ಹೇಳುತ್ತಿದ್ದರು. ತ್ರಿಗ್ವಿಯ ಹಾಡೊಂದೇ ಹಾಗೆ ಅವನೆದುರು ಕುಣಿಯದೆ ಉಳಿದದ್ದು. ಕಡಲಹಕ್ಕಿಗಳ ಮೊಟ್ಟೆ ಆಯುವ ಕಾಲದಲ್ಲಿ ಅವನೂ ಹೈನಿಯೂ ಉತ್ತರದ ಕಡಿದಾದ ಬಂಡೆಗೆ ಹೋಗಿದ್ದರು; ಇಬ್ಬರೇ ಹೋಗಬಾರದು, ಹೋಗಿದ್ದರು. ಹಗ್ಗದ ಕೆಳಗಿನ ತುದಿಯಲ್ಲಿ ಹೈನಿ, ಮೇಲಿನ ತುದಿಯಲ್ಲಿ ತ್ರಿಗ್ವಿ. ಹಗ್ಗ ತುಂಡಾಯಿತು. ಕಲ್ಲಿಗೆ ಉಜ್ಜಿ ಎಂದ ತ್ರಿಗ್ವಿ. ಕತ್ತಿಯಿಂದ ಎಂದಿತು ಕೋರ್ಟು. ಇಬ್ಬರ ಪಾಲಿನ ದೋಣಿಯ ಬಗ್ಗೆ ಜಗಳವಿದ್ದದ್ದು ನಿಜ. ತ್ರಿಗ್ವಿಯನ್ನು ಪೊಲೀಸರು ಹಿಡಿದುಕೊಂಡು ಹೋದ ಮೇಲಿನ ಚಳಿಗಾಲದಲ್ಲಿ ಡಾನ್ಯಲ್ ಈ ಹಾಡು ಕಟ್ಟಿದ. ಕ್ರಿಸ್ಮಸ್ಸಿನಿಂದ ಉಪವಾಸದ ತನಕ ಕುಣಿತ ಕುಣಿತಕ್ಕೂ ಅದೇ ಹಾಡು, ಮಕ್ಕಳು ಬಾಯಲ್ಲಿ ಹಾಲು ಇಟ್ಟುಕೊಂಡು ಹಾಡುವಷ್ಟು. ವಸಂತದಲ್ಲಿ ವಿಚಾರಣೆ ನಡೆದಾಗ ಊರಿನ ಮೂವರು, ದೇವರ ಹೆಸರಿನಲ್ಲಿ ಪ್ರಮಾಣ ಮಾಡಿ, ತ್ರಿಗ್ವಿ ನಗುತ್ತ ಇಳಿದದ್ದನ್ನು ಕಣ್ಣಾರೆ ಕಂಡೆವು ಎಂದರು. ಸುಳ್ಳು ಹೇಳುವ ಜನವಲ್ಲ ಅವರು. ಹಾಡುವ ಮೊದಲು ಅವರಲ್ಲೊಬ್ಬರೂ ನಗುವಿನ ಮಾತೆತ್ತಿರಲಿಲ್ಲ ಎಂಬುದು ಆಮೇಲೆ ಹೊಳೆದದ್ದು, ಅದೂ ಕೆಲವರಿಗೆ. ಹೆಜ್ಜೆ ಹಾಕಿ ಹಾಕಿ ಅವರಿಗೆ ಅದು ಕಂಡದ್ದಾಗಿತ್ತು.

ಹಗ್ಗವು ತುಂಡು, ಹಕ್ಕಿಯು ಮೌನ,
ಇಳಿಬಿಸಿಲಿನ ಆ ಹೊತ್ತು;
ನಗುತ ನಗುತ ಇಳಿದನು ತ್ರಿಗ್ವಿ,
ಹಲ್ಲಲಿ ಬಿಸಿಲು ಹೊಳೆದಿತ್ತು.

ಅದಕ್ಕಿಂತ ಚೆಲುವಾದ ನುಡಿ ಆ ಹಾಡಿನಲ್ಲಿ ಇನ್ನೊಂದಿಲ್ಲ. 'ನಗುತ ನಗುತ' ಎಂಬಲ್ಲಿ ಕುಣಿತದ ಮನೆಯ ಹಲಗೆ ಹಾಸು ಉಸಿರೆಳೆದಂತೆ ಮೇಲೆದ್ದು ಬೀಳುತ್ತಿತ್ತು. ಒಂದು ಸಲ, ಇದೇ ಒಣಗುಕೊಟ್ಟಿಗೆಯಲ್ಲಿ, ಚಿಕ್ಕಪ್ಪ ಮೀನು ಜೋಡಿಸಿ ತೂಗುಹಾಕುತ್ತ ಮಾತಿಗೆ ಮಾತು ಎಂಬಂತೆ ಹೇಳಿದ್ದ: "ಅಲ್ಲಿ ಅಳು ಇಟ್ರೆ ಕಾಲು ಏಳಲ್ಲ ಕಣೋ. ಅಳು ಇಟ್ಟು ನೋಡ್ದೆ. ಹಾಡು ಕೂತ್ಬಿಡ್ತು. ಆಮೇಲೆ ನಗು ಇಟ್ಟೆ." ಆಗ ದೆಮ್ಮುಸನಿಗೆ ಅದು ಕಸುಬಿನ ಗುಟ್ಟು ಎನ್ನಿಸಿ ರೋಮಾಂಚನವಾಗಿತ್ತು. ಈಗ ಆ ರೋಮಾಂಚನದ ನೆನಪೇ ಮುಳ್ಳಾಗಿತ್ತು. ಅದಕ್ಕಿಂತ ದೊಡ್ಡ ಮುಳ್ಳೆಂದರೆ ಅವನೂ ಅದನ್ನು ಕಾಣುತ್ತಾನೆ. ಕಣ್ಣು ಮುಚ್ಚಿದರೆ ಸಾಕು, ಕಲ್ಲುಗೋಡೆಯ ಸಂದು, ಪಕ್ಕಕ್ಕೆ ಸರಿಯುವ ಒಂದು ಕಪ್ಪು ಕುರಿ, ಇಳಿಯುತ್ತಿರುವ ತ್ರಿಗ್ವಿ, ಹಲ್ಲಿನ ಮೇಲೆ ಬಿಸಿಲು. ಆ ದಿನ ಆ ಹೊತ್ತಿಗೆ ಅವನು ನೂರಾರು ಮೈಲಿಯಾಚೆ, ಹಿಮದಂತೆ ಕೊರೆಯುವ ಬಲೆ ಎಳೆಯುತ್ತ, ಬೆರಳು ಸತ್ತುಹೋಗಿ ಬೈಯುತ್ತ ನಿಂತಿದ್ದ. ಆದರೂ ಆ ಕುರಿಯ ಕಿವಿಗೆ ಒಡೆಯ ಹಾಕಿದ ಗುರುತನ್ನು ಬೇಕಾದರೂ ಅವನು ಹೇಳಬಲ್ಲ.

ಸುನ್ವಾ ತಟ್ಟೆಯಲ್ಲಿ ಮಾಂಸದ ಪಕ್ಕಕ್ಕೆ ಕೆನೆ ತುಂಬಿದ ಬನ್ನುಗಳನ್ನಿಟ್ಟು ಬಟ್ಟೆ ಮುಚ್ಚಿ, ಮಾಲನ್‌ಗೆ ಕೊಟ್ಟು ಬಾ ಎಂದಳು. ಪ್ರತಿ ವರ್ಷ ಕೊಡುವುದೇ. ಈ ವರ್ಷ ಮಾತ್ರ ಆ ದಾರಿ ಉದ್ದವಾಗಿತ್ತು. ಹಬ್ಬದ ಆಟಕ್ಕೆಂದು ಬಣ್ಣದ ಬಟ್ಟೆ ತೊಟ್ಟ ಮಕ್ಕಳು ಹಡಗುಕಟ್ಟೆಯ ಮೇಲೆ ತೂಗುಬಿಟ್ಟ ಪೀಪಾಯಿಯನ್ನು ದೊಣ್ಣೆಯಿಂದ ಬಡಿಯುತ್ತ ಕೂಗುತ್ತಿದ್ದರು. ಒಂದೊಂದು ಏಟೂ ಅವನಿಗೆ ಹಾಡಿನ ತಾಳಕ್ಕೆ ಸರಿಯಾಗಿ ಬೀಳುತ್ತಿತ್ತು. ಇವತ್ತು ಏನು ಮಾಡುವುದು? ನಗುವಿನ ಆ ನುಡಿಯನ್ನು ಬಿಟ್ಟುಬಿಡುವುದು. ನಡುವೆ ಒಂದು ಮೆಟ್ಟಿಲು ತೆಗೆದಂತೆ; ಇಡೀ ಊರು ಎಡವುತ್ತದೆ, ಎಡವಿದ್ದೇ ಒಂದು ಮಾತಾಗುತ್ತದೆ. 'ಅಳುತ ಅಳುತ' ಎಂದು ಹಾಡುವುದು. ಅದು ಟಿವಿಯವರ ಪಿಟೀಲು. ಅಳುವನ್ನು ಕಂಡವರು ತಾನೇ ಯಾರು? ಇದ್ದಂತೆ ಹಾಡುವುದು. ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬೇಡ ಎಂದು ತನ್ನ ದನಿಯಲ್ಲೇ ಎಷ್ಟು ಭಾನುವಾರ ಓದಿಲ್ಲ! ಸಾಕ್ಷಿ ಹೇಳಲು ಕೋರ್ಟಿಗೇ ಹೋಗಬೇಕೆಂದೇನೂ ಇಲ್ಲವಲ್ಲ. ತ್ರಿಗ್ವಿಯ ಮರುವಿಚಾರಣೆಯ ಅರ್ಜಿ ಇನ್ನೂ ಮೇಲಿನವರ ಮುಂದಿದೆ. ಶಿಕ್ಷೆ ಮುಗಿಸಿ ಬಂದವನಿಗೆ ಈಗ ಹೆಸರು ವಾಪಸು ಬೇಕು. ಇವತ್ತು ಎದುರಿಗೇ ಕುಣಿಸಿದ ಮೇಲೆ ಈ ಹಾಡು ಸೀಲು ಬಿದ್ದಂತೆ, ಮೊಮ್ಮಕ್ಕಳ ಮೊಮ್ಮಕ್ಕಳು ಹಾಡುವ ಹಾಡು. ದೆಮ್ಮುಸನ ಬಾಯಿಂದ ಏನು ಬರುತ್ತದೋ ಅದು ಉಳಿಯುತ್ತದೆ, ಕೋರ್ಟು ಏನಾದರೂ ಹೇಳಲಿ. ಹೀಗೆಂದುಕೊಂಡಾಗ ಅವನಿಗೆ ಹೆದರಿಕೆಯಾಗಬೇಕಿತ್ತು. ಆದದ್ದು ಸಂತೋಷ, ಮೊದಲ ಸಲ ದೋಣಿಯ ಚುಕ್ಕಾಣಿ ಕೈಗೆ ಕೊಟ್ಟಾಗಿನಂಥ ಸಂತೋಷ. ದೇವರೇ, ಇದೆಂಥ ಮನುಷ್ಯ ನಾನು ಎಂದು ದೆಮ್ಮುಸ್ ಗೊಣಗಿದ.

ಮಾಲನ್‌ಳ ಬಾಗಿಲು ತೆರೆದೇ ಇತ್ತು, ತೆರೆದಿರಲೆಂದು ಕಲ್ಲು ಇಟ್ಟಿದ್ದಳು. "ಗಾಳಿಗೂ ಈಗ ನನ್ನ ಹೆಸರು ಕೆಡಿಸೋಕೆ ಬಿಡಲ್ಲ," ಎಂದು ಕಲ್ಲನ್ನು ಕಾಲಿನಿಂದ ತೋರಿಸಿದಳು. ಬನ್ನಿನ ಕೆನೆಯನ್ನು ಬೆರಳಲ್ಲಿ ತೆಗೆದು ನೆಕ್ಕಿ, "ಸುನ್ವಾ ಸಕ್ಕರೆ ಕಮ್ಮಿ ಹಾಕ್ತಾಳೆ, ಅವಳ ಅಮ್ಮನೂ ಹಾಗೇ," ಎಂದಳು. ಆಮೇಲೆ ಅವನ ಮುಖವನ್ನೇ ನೋಡಿ, "ಅವನು ಬರ್ತಾನಂತೆ."

"ಹೌದಂತೆ. ನೀವು ಬರೋದು ಬೇಡ ಅನ್ಸಿದ್ರೆ..."

"ಯಾಕೆ ಬೇಡ? ನಾನು ಗೋಡೆ ಹತ್ರ ನಿಂತ್ಕೋತೀನಿ. ನೀನು ಪೂರ್ತಿ ಹಾಡ್ಬೇಕು ದೆಮ್ಮುಸ್. ಒಂದು ನುಡಿ ನುಂಗಿದ್ರೂ ನನಗೆ ಗೊತ್ತಾಗುತ್ತೆ."

"ಮಾಲನ್, ಅದರಲ್ಲಿ ಕೆಲವು ಮಾತು..."

"ಆ ಟಿವೀಲಿ ಅವನನ್ನ ಏನಂದ್ರು ಗೊತ್ತಾ? 'ಮೃತ ಯುವಕ.' ಒಂದ್ಸಲ ಹೆಸರು ಹೇಳಿದ್ರು, ಅದೂ ತಪ್ಪಾಗಿ. ನಿಮ್ಮ ಹಾಡಿನಲ್ಲಿ ನನ್ನ ಮಗ ಹತ್ತು ನುಡಿ ಉದ್ದ ಬದುಕಿರ್ತಾನೆ. ಬೂಟ್ಸು ಹಾಕ್ಕೋತಾನೆ, ನಾಯಿ ಕರೀತಾನೆ, ನನ್ನ ಹತ್ರ ಬ್ರೆಡ್ಡು ಇಸ್ಕೊಂಡು ಹೋಗ್ತಾನೆ. ಅದನ್ನ ನೀನು ರಿಪೇರಿ ಮಾಡೋಕೆ ಹೊರಟ್ರೆ ಎಲ್ಲಿಗೆ ನಿಲ್ಲಿಸ್ತೀಯ?" ದನಿ ಏರಿರಲಿಲ್ಲ. ತಟ್ಟೆ ತೊಳೆದು ಒರೆಸಿ ವಾಪಸು ಕೊಟ್ಟಳು.

ಖಾಲಿ ತಟ್ಟೆ ಹಿಡಿದು ಬರುವಾಗ ಹಡಗುಕಟ್ಟೆಯ ಮೇಲೆ ತ್ರಿಗ್ವಿ ಮಕ್ಕಳ ಪೀಪಾಯಿಯನ್ನು ನೋಡುತ್ತ ನಿಂತಿದ್ದ. ಜೈಲಿನಲ್ಲಿ ಬೆಳ್ಳಗಾದ ಮೋರೆ, ಗಾಳಿ ಮರೆತ ಮೋರೆ. ತಪ್ಪಿಸಿಕೊಳ್ಳಲು ದೆಮ್ಮುಸ್ ದೋಣಿಮನೆಯ ಮರೆಗೆ ಸರಿದ. ಸರಿದದ್ದನ್ನು ತ್ರಿಗ್ವಿ ಕಂಡುಬಿಟ್ಟ.

"ಏನಯ್ಯಾ, ಹಿಡ್ಕೊಳ್ಳೋ ಗಟ್ಟಿ ಆಳುಗಳು ಯಾರು?"

"ಮಾರ್ತಾನ್ ಒಬ್ಬ. ಹೋಗ್ನಿ ಒಬ್ಬ."

"ಹೋಗ್ನೀನಾ? ಅವನಿಗೆ ಸೊಂಟ ನೋವು. ನಾನೇ ಅವನನ್ನ ಹಿಡ್ಕೋಬೇಕಾಗುತ್ತೆ." ತ್ರಿಗ್ವಿ ನಗಲಿಲ್ಲ; ದೆಮ್ಮುಸ್ ತನಗರಿವಿಲ್ಲದೆ ಅವನ ಹಲ್ಲು ಕಾಣಲಿ ಎಂದು ಕಾಯುತ್ತಿದ್ದ. "ಪೂರ್ತಿ ಹಾಡು, ತಿಳೀತಾ? ನನ್ನ ಮುಖ ನೋಡಿ ಒಂದು ನುಡಿ ನುಂಗ್ಬೇಡ. ಇಷ್ಟು ವರ್ಷ ಬೆನ್ನ ಹಿಂದೆ ಹಾಡಿದ್ರಿ. ಇವತ್ತು ಎದುರಿಗೆ ಹಾಡಿ, ಮುಗಿಸಿ."

ಇಬ್ಬರಿಗೂ ಹಾಡು ಪೂರ್ತಿಯಾಗಿಯೇ ಬೇಕು. ಹಾಡಲು ಆಗದೆ ಇರುವುದು ಅವನೊಬ್ಬನಿಗೆ.

ಕುಣಿತದ ಮನೆಯಲ್ಲಿ ಉಣ್ಣೆಯ, ಬೆವರಿನ, ಒದ್ದೆ ಹಲಗೆಯ ವಾಸನೆ. ಕಿಟಕಿಯಾಚೆ ಇನ್ನೂ ಬೆಳಕು ಪೂರ್ತಿ ಆರಿರಲಿಲ್ಲ. ಒಬ್ಬರ ಕೈಗೊಬ್ಬರು ಕೈ ಕೋದು ಸರಪಳಿ ಬೆಳೆಯಿತು. ಕೋಣೆ ಸಾಲದೆ ಮಡಚಿಕೊಂಡು ಒಳಗೊಳಗೇ ಸುತ್ತಿಕೊಂಡಿತು, ಹಾಗಾಗಿ ಪ್ರತಿಯೊಬ್ಬರ ಮುಖವೂ ಒಮ್ಮೆಯಾದರೂ ಪ್ರತಿಯೊಬ್ಬರ ಮುಖದ ಎದುರಿಗೆ ಹಾದುಹೋಗಲೇಬೇಕು. ಮಾರ್ತಾನನೂ ಹೋಗ್ನಿಯೂ ತ್ರಿಗ್ವಿಯ ಕೈ ಹಿಡಿದು ತಂದು ಸರಪಳಿಗೆ ಸೇರಿಸಿದರು. ಮಾಲನ್ ಕರೀ ಶಾಲು ಹೊದ್ದು ಗೋಡೆಗೆ ಒರಗಿದ್ದಳು. ದೆಮ್ಮುಸ್ ಕಣ್ಣು ಮುಚ್ಚಿ ದೇವರನ್ನು ನೆನೆದ. ನೆನೆದದ್ದು ದೇವರನ್ನೋ ಮೊದಲ ನುಡಿಯ ಶ್ರುತಿಯನ್ನೋ ಎಂದು ಅವನಿಗೇ ತಿಳಿಯಲಿಲ್ಲ. ಪಲ್ಲವಿಗೆ ಬಾಯಿ ತೆರೆದ. ಎಷ್ಟೋ ಬೂಟುಗಳು ಒಟ್ಟಿಗೇ ನೆಲಕ್ಕೆ ಬಿದ್ದವು.

ಕೈಯನು ಬಿಡದಿರಿ, ಹೆಜ್ಜೆಯನಿಡಿರಿ,
ಕಡಲಿಗು ಕೇಳಿಸುವಂತೆ!

ಎಂಥ ಹಾಡು! ಮೈಯೆಲ್ಲ ಒಂದೇ ಗಂಟಲಾಗಿತ್ತು. ಹೈನಿ ಬೂಟು ತೊಟ್ಟ, ನಾಯಿ ಕರೆದ, ಅಮ್ಮನ ಕೈಯಿಂದ ಬ್ರೆಡ್ಡು ತೆಗೆದುಕೊಂಡ. ಗೋಡೆಯ ಹತ್ತಿರ ಮಾಲನ್‌ಳ ತುಟಿ ಅದರ ಜೊತೆ ಅಲ್ಲಾಡುತ್ತಿತ್ತು. ದೋಣಿಯ ಜಗಳದ ನುಡಿಗಳಲ್ಲಿ ಜನ ತ್ರಿಗ್ವಿಯನ್ನು ನೋಡದೆ ಹಾಡಿದರು. ಅವನು ಹೆಜ್ಜೆ ತಪ್ಪಲಿಲ್ಲ. ಸರಪಳಿ ಸುತ್ತಿ ಸುತ್ತಿ ಅವನ ಬಿಳಿಯ ಮುಖ ದೆಮ್ಮುಸನ ಕಡೆಗೆ ಬರತೊಡಗಿತ್ತು, ಮೂರು ಮುಖದಾಚೆ, ಎರಡು ಮುಖದಾಚೆ. ಗುಡ್ಡ ಹತ್ತಿದರು. ಹಗ್ಗ ಬಿಟ್ಟರು. ಇನ್ನೇನು ಆ ನುಡಿ. ಕಾಲುಗಳಿಗೆ ಗೊತ್ತು ಅದು ಬರುತ್ತಿದೆಯೆಂದು. ನೆಲ ಆಗಲೇ ಮೇಲೇಳಲು ಸಿದ್ಧವಾಗಿ ಬಿಗಿದಿತ್ತು. ನಿಲ್ಲಿಸಿಬಿಡೋಣ ಎಂದುಕೊಂಡ ದೆಮ್ಮುಸ್. ಮುಂದಾಳು ನಿಲ್ಲಿಸಿದರೆ ಹಾಡು ನಿಲ್ಲುವುದಿಲ್ಲ. ಅವನಿಲ್ಲದೆಯೇ ಊರು ಹಾಡುತ್ತದೆ, ಇನ್ನೂ ಜೋರಾಗಿ ಹಾಡುತ್ತದೆ. ಕಣ್ಣೊಳಗೆ ಕಲ್ಲುಗೋಡೆಯ ಸಂದು ಕಂಡಿತು, ಕಪ್ಪು ಕುರಿ ಪಕ್ಕಕ್ಕೆ ಸರಿಯಿತು, ಇಳಿಯುತ್ತಿರುವವನು ಮುಖವೆತ್ತಿದ. ಆಗ ದೆಮ್ಮುಸನ ಬಾಯಿ, ಅವನನ್ನು ಕೇಳದೆ, ತೆರೆದುಕೊಂಡಿತು:

ಹಗ್ಗವು ತುಂಡು, ಹಕ್ಕಿಯು ಮೌನ,
ಮೇಲೊಂದೇ ತಿಳಿಬಾನು;
ನಗುತಲೊ ಅಳುತಲೊ ಇಳಿದನು ತ್ರಿಗ್ವಿ,
ಕಂಡವನಲ್ಲ ನಾನು.

ಎರಡನೆಯ ಸಾಲಿಗೇ ಊರು ಅವನಿಗೆ ಡಿಕ್ಕಿ ಹೊಡೆಯಿತು. ಅರ್ಧ ಜನ ಹಳೆಯ 'ನಗುತ ನಗುತ'ವನ್ನೇ ಕೂಗಿದರು, ಕೆಲವರು ಅವನ ಬಾಯಿ ನೋಡಿ ಅರ್ಧಕ್ಕೆ ನುಂಗಿದರು, ಮುದುಕಿಯೊಬ್ಬಳು ಒಬ್ಬಳೇ 'ಹೊಳೆದಿತ್ತು' ಎಂದು ಕೊನೆಯ ತನಕ ಹಾಡಿ ಬೆಪ್ಪಾಗಿ ಸುತ್ತ ನೋಡಿದಳು. ಕಾಲುಗಳು ಮಾತ್ರ ನಿಲ್ಲಲಿಲ್ಲ. "ಏನು ಹಾಡ್ತಿದೀಯೋ!" ಎಂದು ಹಿಂದಿನಿಂದ ಯಾರೋ ಕೂಗಿದರು. "ಟಿವಿಯವರು ದುಡ್ಡು ಕೊಟ್ರಾ?" ಎಂದು ಇನ್ನೊಬ್ಬ. ದೆಮ್ಮುಸನಿಗೆ ಅದೊಂದೂ ತಾಗಲಿಲ್ಲ. ಹಗುರಾಗಿದ್ದ. ಸರಿಯಾದದ್ದನ್ನು ಮಾಡಿದೆ, ಅದೂ ಪ್ರಾಸದಲ್ಲಿ, ಎಂದು ಒಳಗೆ ಒಬ್ಬ ಚಪ್ಪಾಳೆ ತಟ್ಟುತ್ತಿದ್ದ. ಆ ಹೊತ್ತಿಗೆ ಸರಪಳಿ ತ್ರಿಗ್ವಿಯ ಮುಖವನ್ನು ತಂದು ಅವನ ಮುಖದೆದುರಿಗೆ ನಿಲ್ಲಿಸಿತು.

"ನಕ್ಕಿದ್ದೆ," ಎಂದ ತ್ರಿಗ್ವಿ.

ಪಲ್ಲವಿ ಏಳಲಿಲ್ಲ. ಬರಿಯ ಹೆಜ್ಜೆ, ಎಡಕ್ಕೆ ಎರಡು, ಬಲಕ್ಕೆ ಒಂದು.

"ನಕ್ಕಿದ್ದೆ ಕಣೋ ದೆಮ್ಮುಸ್. ಬಾಯಿ ಮುಚ್ಚೋಕಾಗ್ತಿರಲಿಲ್ಲ. ಅಳೋಣ ಅಂದ್ರೆ ನಗು ಬರ್ತಿತ್ತು. ಇಲ್ಲ ಅಂತ ಹೇಳು ಅಂದ್ರು ವಕೀಲರು, ಇಲ್ಲ ಅಂದೆ. ಟಿವಿಯವರಿಗೂ ಇಲ್ಲ ಅಂದೆ. ಹಗ್ಗಕ್ಕೆ ಕತ್ತಿ ನಾನು ಮುಟ್ಟಿಸ್ಲಿಲ್ಲ. ಆದ್ರೆ ನಕ್ಕಿದ್ದೆ."

ಹಾಗಾದರೆ ಚಿಕ್ಕಪ್ಪ ಕಾಲು ಏಳಲೆಂದು ಕಟ್ಟಿದ ಸುಳ್ಳು ನಡೆದದ್ದೇ ಆಗಿತ್ತು. ಹಾಡಿನಲ್ಲಷ್ಟೇ ಕಂಡ ಆ ಮೂವರು ಸಾಕ್ಷಿಗಳು ಕಣ್ಣಾರೆ ಕಾಣದೆ ಇದ್ದದ್ದನ್ನು ಸರಿಯಾಗಿಯೇ ಹೇಳಿದ್ದರು. ನಕ್ಕವನೇ ಕೊಂದ ಎಂದು ಆ ನಗುವಿಗೆ ಕತ್ತಿಯನ್ನು ಕಟ್ಟಿದ್ದು ಮಾತ್ರ ಯಾರು? ತಾನು ನ್ಯಾಯವೆಂದು ಹಾಡಿನಿಂದ ತೆಗೆದುಹಾಕಿದ್ದು ತ್ರಿಗ್ವಿಯ ನಿಜವನ್ನೇ. ದೆಮ್ಮುಸನ ಹಗುರ ಇಳಿದುಹೋಯಿತು. ಆದರೆ ಅದರಡಿಯಲ್ಲಿ ಹೊಸ ಹಾಡಿನಿಂದ ಉಳಿದ ಒಂದೇ ಸಾಲು, ಕಂಡವನಲ್ಲ ನಾನು, ಕಲ್ಲಿನಂತೆ ಅಲುಗದೆ ಇತ್ತು. ಎಲ್ಲ ಸಾಲುಗಳಲ್ಲಿ ಅದೊಂದರ ಮೇಲೆ ಕಾಲಿಡಬಹುದಿತ್ತು.

ಗೋಡೆಯ ಹತ್ತಿರದಿಂದ ಮಾಲನ್ ಬಂದಳು. ಕುಣಿತದ ಸರಪಳಿಯನ್ನು ಯಾರು ಬೇಕಾದರೂ ಎಲ್ಲಿ ಬೇಕಾದರೂ ಬಿಡಿಸಿ ಸೇರಬಹುದು. ಹಾಗೆ ಕೇಳಿ ಬಂದವರಿಗೆ ಇಲ್ಲವೆನ್ನುವುದಿಲ್ಲ. ಅವಳು ಹೋಗ್ನಿಯ ಕೈಯನ್ನು ತಟ್ಟಿ ಸರಿಸಿ, ತ್ರಿಗ್ವಿಯ ಎಡಗೈಯನ್ನು ಹಿಡಿದಳು. ಪ್ರೀತಿಯಿಂದ ಹಿಡಿಯಲಿಲ್ಲ. ಹಗ್ಗ ಹೊತ್ತುಕೊಂಡು ಹೋಗುವ ಮುಂಚೆ ಅದನ್ನು ಎಳೆದು ನೋಡುವಂತೆ, ಗೆಣ್ಣು ಬಿಳುಪೇರುವ ಹಾಗೆ ಹಿಡಿದಳು. ತ್ರಿಗ್ವಿಯ ಮುಖ ಒಮ್ಮೆ ಕಿವುಚಿಕೊಂಡಿತು.

"ಇಷ್ಟು ವರ್ಷ ಯಾರೂ ನನಗೆ ಇದನ್ನ ಹೇಳಲಿಲ್ಲ," ಎಂದಳು, ಯಾರನ್ನೂ ನೋಡದೆ. "ನಕ್ಕ ಅಂದೋರು ಕೊಂದ ಅಂದ್ರು. ಕೊಲ್ಲಲಿಲ್ಲ ಅಂದೋರು ನಗ್ಲಿಲ್ಲ ಅಂದ್ರು." ಆಮೇಲೆ ದೆಮ್ಮುಸನ ಕಡೆ ತಿರುಗಿ, "ಮೊದಲಿಂದ ಹಾಡು."

"ಪೂರ್ತೀನಾ?"

"ಪೂರ್ತಿ. ನಾನು ಇವನ ಕೈ ಹಿಡ್ಕೊಂಡಿರ್ತೀನಿ. ಕಂಡಿದ್ದನ್ನ ಕಂಡೆ ಅನ್ನು, ಕಾಣ್ದೆ ಇದ್ದಿದ್ದನ್ನ ಕಾಣ್ಲಿಲ್ಲ ಅನ್ನು. ನನ್ನ ಮಗನ ಹತ್ತು ನುಡಿ ನಾನೇ ಎತ್ತಿಕೊಡ್ತೀನಿ, ಅದು ನಾನು ಕಂಡಿದ್ದು."

ಹೆಜ್ಜೆ ನಿಂತಿರಲಿಲ್ಲ. ಕುಣಿತದ ಮನೆಯ ಎಲ್ಲ ಮುಖಗಳೂ ಅವನ ಬಾಯಿಯನ್ನೇ ನೋಡುತ್ತಿದ್ದವು. ದೆಮ್ಮುಸನಿಗೆ ಮೊದಲ ನುಡಿ ನೆನಪಿತ್ತು, ಅದು ಬೆಳಗು ತಿಳಿಯಾಗಿತ್ತು ಎಂದು ಶುರುವಾಗುತ್ತದೆ. ತಿಳಿಯಾಗಿತ್ತೋ ಇಲ್ಲವೋ ಅವನಿಗೇನು ಗೊತ್ತು? ಹಾಡು ತಲೆಯಿಂದ ನುಡಿನುಡಿಯಾಗಿ ಕಳಚಿ ಬೀಳುತ್ತಿತ್ತು, ಭಯವಾಗುವಷ್ಟು ಬೇಗ. ಇಷ್ಟು ವರ್ಷ ಇಷ್ಟು ತುಂಬಿದ್ದ ಗಂಟಲು ಇಷ್ಟು ಖಾಲಿಯಾಗಿ ಎಂದೂ ಇರಲಿಲ್ಲ. ಎದೆ ಮಾತ್ರ ಬೆಳಗಿನಂತೆಯೇ, ಬೆಳಗಿಗಿಂತ ಹುಚ್ಚಾಗಿ ಬಡಿಯುತ್ತಿತ್ತು, ಈ ಸಲ ನಾಚಿಕೆಯಿಲ್ಲದೆ. ಪಕ್ಕದವರ ಕೈಗಳನ್ನು ಬಿಗಿಹಿಡಿದು ಅವನು ಶುರುಮಾಡಿದ:

ಇಬ್ಬರು ಹೋದರು ಗುಡ್ಡವ ಹತ್ತಿ,
ಒಬ್ಬನೆ ಬಂದನು ಕೆಳಗೆ.

ಅಷ್ಟು ಎಲ್ಲರಿಗೂ ಗೊತ್ತಿತ್ತು. ಅಷ್ಟಕ್ಕೆ ಯಾರೂ ಎದುರಾಡಲಿಲ್ಲ. ಊರು ಆ ಸಾಲನ್ನು ಎತ್ತಿಕೊಂಡಿತು, ಬೂಟುಗಳು ಒಟ್ಟಿಗೇ ನೆಲಕ್ಕೆ ಬಿದ್ದವು. ಮುಂದಿನ ಸಾಲಿಗೆ ಅವನು ಉಸಿರೆಳೆದುಕೊಂಡ. ಅದು ಏನೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.